ಲಕ್ಷ ರೂಪಾಯಿ ಗಿಟಾರು: ಇದ್ರಿಂದ ಏನ್ ಬರುತ್ತೆ?

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಬಸ್ಸಲ್ಲಿದ್ದರೂ ಪರವಾಗಿಲ್ಲ, ಮೆಟ್ರೋದಲ್ಲಿ ನಿಂತಿದ್ದರೂ ಪರವಾಗಿಲ್ಲ. ಇವತ್ತು ಮಧ್ಯೆ ಮಧ್ಯೆ ಸ್ವಲ್ಪ ಗಿಟಾರ್ ಸದ್ದೂ ಇರುತ್ತೆ, ಹಾಗಾಗಿ ವಾಲ್ಯೂಮ್ ಒಂದು ಪಾಯಿಂಟ್ ಕಮ್ಮಿ ಇಟ್ಕೊಳ್ಳಿ.

ನಾನು ಗಿಟಾರ್ ನುಡಿಸ್ತೀನಿ ಅಂತ ಹಿಂದಿನ ಒಂದೆರಡು ಸಂಚಿಕೆಗಳಲ್ಲಿ ಮಾತಿನ ಮಧ್ಯೆ ಹೇಳಿದ್ದೆ. ಅವತ್ತಿಂದ ಇನ್‌ಬಾಕ್ಸಿಗೆ ಒಂದೇ ತರದ ಪ್ರಶ್ನೆ ಬರ್ತಿದೆ. "ಬ್ರೋ, ಕೆಲಸ ಸಿಕ್ಕಿ ಆರು ತಿಂಗಳಾಯ್ತು. ಶ್ರೆಡ್ಡಿಂಗ್ ಕಲೀಬೇಕು. ಒಂದೂವರೆ ಲಕ್ಷದ ಗಿಟಾರು ಇಎಂಐ ಮೇಲೆ ತಗೊಳ್ಲಾ?" ಪದಗಳು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಒಬ್ಬೊಬ್ಬರಿಗೆ ಉತ್ತರ ಬರೆಯೋದಕ್ಕಿಂತ ಎಲ್ಲರಿಗೂ ಸೇರಿಸಿ ಒಂದೇ ಸಲ ಹೇಳ್ತೀನಿ. ನನ್ನ ಹತ್ರ ಅಂಥದ್ದೊಂದು ಗಿಟಾರು ಮೂರು ವರ್ಷದಿಂದ ಇದೆ. ಮೂರು ವರ್ಷದ ಲೆಕ್ಕವನ್ನೂ ಬರೆದಿಟ್ಟಿದ್ದೀನಿ. ಬಿ.ಕಾಂ ಓದಿದವನ ಚಾಳಿ, ಬಿಡಲ್ಲ.

ಮೊದಲು, ಶ್ರೆಡ್ಡಿಂಗ್ ಅಂದ್ರೇನು? ಗೊತ್ತಿಲ್ಲದವರಿಗಾಗಿ ಎರಡು ಮಾತು. ಶ್ರೆಡ್ ಅಂದ್ರೆ ಚೂರುಚೂರು ಮಾಡೋದು. ಎಲೆಕ್ಟ್ರಿಕ್ ಗಿಟಾರಲ್ಲಿ ಒಂದು ಸೆಕೆಂಡಿಗೆ ಎಂಟು, ಹತ್ತು, ಹನ್ನೆರಡು ಸ್ವರ ಬರೋ ಹಾಗೆ, ಆದರೆ ಒಂದೊಂದೂ ಬಿಡಿಬಿಡಿಯಾಗಿ ಕೇಳೋ ಹಾಗೆ ನುಡಿಸೋದು. ಇದಕ್ಕೆ ನಾಲ್ಕು ದಾರಿ. ಒಂದು, ಕೈಯಲ್ಲಿರೋ ಪಿಕ್ಕನ್ನ ಮೇಲೆ ಕೆಳಗೆ, ಮೇಲೆ ಕೆಳಗೆ ಒಂದೇ ಸಮ ಹೊಡೆಯೋದು. ಎರಡು, ತಂತಿಯನ್ನ ಒಂದೇ ಸಲ ಮೀಟಿ, ಆಮೇಲಿನ ಸ್ವರಗಳನ್ನೆಲ್ಲ ಎಡಗೈ ಬೆರಳಿನ ಬಲದಲ್ಲೇ ಹೊರಡಿಸೋದು; ಇದನ್ನ ಲೆಗಾಟೊ ಅಂತಾರೆ. ಮೂರು, ಸ್ವೀಪ್: ಗೇಟಿನ ಸರಳುಗಳ ಮೇಲೆ ಕೋಲು ಎಳೆದರೆ ಹೇಗೆ ಟರ್ರ್ ಅಂತ ಒಂದರ ಹಿಂದೆ ಒಂದು ಸದ್ದು ಬರುತ್ತೋ, ಹಾಗೆ ಪಿಕ್ಕನ್ನ ಎಲ್ಲಾ ತಂತಿಗಳ ಮೇಲೆ ಎಳೆಯೋದು. ನಾಲ್ಕು, ಟ್ಯಾಪಿಂಗ್: ಬಲಗೈ ಬೆರಳನ್ನೂ ತಗೊಂಡು ಹೋಗಿ ಫ್ರೆಟ್‌ಗಳ ಮೇಲೇ ಬಡಿಯೋದು.

ಟ್ಯಾಪಿಂಗನ್ನ ಲೋಕಕ್ಕೆಲ್ಲ ಕೇಳಿಸಿದವರು ಎಡ್ಡಿ ವ್ಯಾನ್ ಹೇಲನ್. 1978ರಲ್ಲಿ ಅವರ ಬ್ಯಾಂಡಿನ ಮೊದಲ ಆಲ್ಬಂನಲ್ಲಿ 'ಎರಪ್ಷನ್' ಅನ್ನೋ ಗಿಟಾರ್ ತುಣುಕು ಬಂತು. ಪೂರ್ತಿ ಎರಡು ನಿಮಿಷವೂ ಇಲ್ಲ. ಅದನ್ನ ಕೇಳಿ ಅಮೆರಿಕದ ಹುಡುಗರು ರೂಮಿನ ಬಾಗಿಲು ಹಾಕ್ಕೊಂಡು ಅಭ್ಯಾಸಕ್ಕೆ ಕೂತರು. ಇಲ್ಲಿ ಒಂದು ವಿಷಯ ಗಮನಿಸಿ. ವ್ಯಾನ್ ಹೇಲನ್ ಅವತ್ತು ನುಡಿಸಿದ್ದು ಅಂಗಡಿಯ ದುಬಾರಿ ಗಿಟಾರಲ್ಲ. 50 ಡಾಲರಿಗೆ ಸಿಕ್ಕಿದ ಎರಡನೇ ದರ್ಜೆಯ ಬಾಡಿಗೆ 80 ಡಾಲರಿನ ನೆಕ್ ಜೋಡಿಸಿ, ಸ್ವತಃ ಕೊರೆದು, ತಂತಿ ಬೆಸೆದು ಮಾಡಿಕೊಂಡ ಗಿಟಾರು. ಅಂದ್ರೆ ಈ ಶೈಲಿ ಹುಟ್ಟಿದ್ದೇ ಜೋಡಿಸಿದ ಗಿಟಾರಲ್ಲಿ. ದುಬಾರಿ ಗಿಟಾರು ಆಮೇಲೆ ಬಂತು.

ಯಾಕೆ ಬಂತು? ನಿಜವಾದ ತೊಂದರೆಗಳಿದ್ದವು, ಅದಕ್ಕೆ. ಗಿಟಾರಿನ ಬ್ರಿಡ್ಜಿಗೆ ಒಂದು ಕಡ್ಡಿ ಇರುತ್ತೆ ನೋಡಿ, ಅದನ್ನ ಒತ್ತಿದರೆ ತಂತಿಗಳೆಲ್ಲ ಸಡಿಲಾಗಿ ಸ್ವರ ಕೆಳಕ್ಕೆ ಜಾರುತ್ತೆ, ಬಿಟ್ಟರೆ ಮೇಲಕ್ಕೆ ಬರುತ್ತೆ. ಹಳೇ ಗಿಟಾರುಗಳಲ್ಲಿ ಎರಡು ಸಲ ಜೋರಾಗಿ ಒತ್ತಿದರೆ ಶ್ರುತಿ ಹೋಯ್ತು ಅಂತಲೇ ಲೆಕ್ಕ. ಫ್ಲಾಯ್ಡ್ ರೋಸ್ ಅನ್ನೋ ಅಮೆರಿಕದ ಗಿಟಾರಿಸ್ಟು ಇದಕ್ಕೆ ಪರಿಹಾರ ಹುಡುಕಿದರು. ಅವರಿಗೆ ಒಡವೆ ಮಾಡೋ ಕೆಲಸವೂ ಗೊತ್ತಿತ್ತು, ಸಣ್ಣ ಲೋಹದ ಕೆಲಸ ಕೈಗೆ ಹತ್ತಿತ್ತು. ತಂತಿಯ ಎರಡೂ ತುದಿಯನ್ನ ಸ್ಕ್ರೂ ಹಾಕಿ ಕಚ್ಚಿಸಿಬಿಟ್ಟರೆ ಅದು ಜಾರೋದಾದರೂ ಎಲ್ಲಿಗೆ? ಇಷ್ಟೇ ಐಡಿಯಾ. 1979ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ತು. ಇವತ್ತಿಗೂ ಶ್ರೆಡ್ ಗಿಟಾರು ಅಂದ್ರೆ ಬಹುಪಾಲು ಇದೇ ತರದ ಲಾಕಿಂಗ್ ಬ್ರಿಡ್ಜ್ ಇರುತ್ತೆ.

ಇನ್ನು ನನ್ನ ಗಿಟಾರಿನ ಮನೆತನಕ್ಕೆ ಬರೋಣ. ಅದು ಐಬನೇಜ್, ಆರ್‌ಜಿ ಸರಣಿ, ಪ್ರೆಸ್ಟೀಜ್ ದರ್ಜೆ, ಜಪಾನಿನಲ್ಲಿ ತಯಾರಾದದ್ದು. ಹೆಸರು ಕೇಳಿದರೆ ಸ್ಪೇನಿನದು ಅನಿಸುತ್ತೆ. ಸ್ಪೇನಿನ ಸಾಲ್ವಡೋರ್ ಇಬಾನ್ಯೆಸ್ ಅನ್ನೋ ಗಿಟಾರ್ ತಯಾರಕರ ಹೆಸರೇ ಅದು. ಆದರೆ ಕಂಪನಿ ಜಪಾನಿನ ನಗೋಯಾದ ಹೊಷಿನೊ ಗಕ್ಕಿ. 1908ರಲ್ಲಿ ಒಂದು ಪುಸ್ತಕದಂಗಡಿಯ ಸಂಗೀತ ವಿಭಾಗವಾಗಿ ಶುರುವಾದದ್ದು. 1970ರ ದಶಕದಲ್ಲಿ ಇವರು ಅಮೆರಿಕದ ಗಿಟಾರುಗಳನ್ನ ನಕಲು ಮಾಡಿ ಮಾರ್ತಿದ್ದರು. ಎಷ್ಟು ಚೆನ್ನಾಗಿ ಅಂದ್ರೆ, 1977ರಲ್ಲಿ ಗಿಬ್ಸನ್‌ನ ಒಡೆತನ ಇದ್ದ ಕಂಪನಿ ಕೋರ್ಟಿಗೇ ಹೋಯ್ತು. ಆಮೇಲೆ ನಕಲು ಬಿಟ್ಟು ಸ್ವಂತ ವಿನ್ಯಾಸಕ್ಕೆ ಕೈ ಹಾಕಿದರು. ಹತ್ತು ವರ್ಷ ಆದಮೇಲೆ, 1987ರಲ್ಲಿ, ಸ್ಟೀವ್ ವಾಯ್ ಜೊತೆ ಕೂತು ಜೆಮ್ ಅನ್ನೋ ಗಿಟಾರು ತಂದರು. ಅದೇ ವರ್ಷ ಅದರ ತಮ್ಮನ ಹಾಗೆ ಆರ್‌ಜಿ ಸರಣಿಯೂ ಬಂತು.

ಸ್ಟೀವ್ ವಾಯ್ ನ್ಯೂಯಾರ್ಕಿನ ಹತ್ತಿರ ಬೆಳೆದವರು, ಹುಡುಗನಾಗಿದ್ದಾಗ ಜೋ ಸ್ಯಾಟ್ರಿಯಾನಿ ಹತ್ರ ಪಾಠ ಕಲಿತವರು, ಆಮೇಲೆ ಫ್ರ್ಯಾಂಕ್ ಜ್ಯಾಪ್ಪಾ ಬ್ಯಾಂಡಿನಲ್ಲಿ ನುಡಿಸಿದವರು. ತನಗೆ ಏನು ಬೇಕು ಅಂತ ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. 24 ಫ್ರೆಟ್ ಬೇಕು. ಕೊನೇ ಫ್ರೆಟ್‌ವರೆಗೂ ಕೈ ಹೋಗೋ ಹಾಗೆ ಬಾಡಿಯನ್ನ ಆಳವಾಗಿ ಕತ್ತರಿಸಿರಬೇಕು. ಬ್ರಿಡ್ಜಿನ ಕಡ್ಡಿಯನ್ನ ಒತ್ತೋದಷ್ಟೇ ಅಲ್ಲ, ಮೇಲಕ್ಕೂ ಎಳೆಯೋಕೆ ಬರಬೇಕು. ತಮಾಷೆಗೆ ಅನ್ನೋ ಹಾಗೆ ಬಾಡಿಯಲ್ಲೇ ಒಂದು ಹಿಡಿಕೆಯನ್ನೂ ಕೊರೆಸಿಕೊಂಡರು, ಸೂಟ್‌ಕೇಸ್ ತರ ಎತ್ಕೊಂಡು ಹೋಗಬಹುದು. ನನ್ನದರಲ್ಲಿ ಆ ಹಿಡಿಕೆ ಇಲ್ಲ, ಬಾಕಿ ಯೋಚನೆಯೆಲ್ಲ ಅದೇ.

ಸರಿ, ದುಡ್ಡು ಕೊಟ್ಟರೆ ಕೈಗೆ ಸಿಗೋದೇನು? ಒಂದೊಂದಾಗಿ ಹೇಳ್ತೀನಿ.

ನೆಕ್ ತೆಳು. ಮೊದಲ ಫ್ರೆಟ್ ಹತ್ರ ದಪ್ಪ ಸುಮಾರು 17 ಮಿಲಿಮೀಟರ್. ಹೆಬ್ಬೆರಳು ಹಿಂದೆ ಆರಾಮಾಗಿ ನಿಲ್ಲುತ್ತೆ, ಉಳಿದ ಬೆರಳು ಅಗಲಕ್ಕೆ ಚಾಚುತ್ತೆ. ಇಷ್ಟು ತೆಳುವಾದ ಮರ ತಂತಿಯ ಎಳೆತಕ್ಕೆ ಬಾಗಬಾರದಲ್ಲ? ನಾನು ಹಾಕೋ ಸಣ್ಣ ತಂತಿಗಳೇ, ಆರೂ ಸೇರಿ, ಹೆಚ್ಚುಕಮ್ಮಿ 38 ಕೆ.ಜಿ. ಬಲದಲ್ಲಿ ಎಳೀತಾ ಇರ್ತವೆ. ಹಗಲೂ ರಾತ್ರಿ. ಅದಕ್ಕೇ ನೆಕ್ಕನ್ನ ಒಂದೇ ಮರದಲ್ಲಿ ಮಾಡದೆ ಐದು ಪಟ್ಟಿ ಅಂಟಿಸಿ, ಒಳಗೆ ಟೈಟಾನಿಯಂ ಸರಳು ಕೂರಿಸಿದ್ದಾರೆ. ಬೆಲೆ ಹೋಗೋದು ಇಂಥ ಕಡೆ.

ಬೆರಳು ಓಡಾಡೋ ಪಟ್ಟಿ ಹೆಚ್ಚುಕಮ್ಮಿ ಚಪ್ಪಟೆ. ಹಳೇ ಫೆಂಡರ್ ಗಿಟಾರುಗಳಲ್ಲಿ ಆ ಪಟ್ಟಿಗೆ 184 ಮಿಲಿಮೀಟರ್ ತ್ರಿಜ್ಯದ ಬಾಗು ಇರುತ್ತೆ, ಉಬ್ಬಿದ ರಸ್ತೆ ತರ. ಕಾರ್ಡ್ ಹಿಡಿಯೋಕೆ ಅದು ಹಿತ. ಆದರೆ ತಂತಿಯನ್ನ ಪಕ್ಕಕ್ಕೆ ಎಳೆದಾಗ ಉಬ್ಬಿಗೆ ತಗುಲಿ ಸ್ವರ ಸತ್ತುಹೋಗಬಹುದು. ನನ್ನದರಲ್ಲಿ ಅದೇ ತ್ರಿಜ್ಯ 430. ಹಾಗಾಗಿ ತಂತಿಗಳನ್ನ ಫ್ರೆಟ್‌ಗೆ ತೀರಾ ಹತ್ರ ಇಟ್ಕೋಬಹುದು. ಹನ್ನೆರಡನೇ ಫ್ರೆಟ್ ಹತ್ರ ಒಂದೂವರೆ ಮಿಲಿಮೀಟರ್ ಅಂತರ ಇಟ್ಟಿದ್ದೀನಿ. ಸ್ವಲ್ಪ ಮುಟ್ಟಿದರೆ ಸಾಕು, ಸ್ವರ ಬರುತ್ತೆ.

ಒಟ್ಟಿನಲ್ಲಿ ಈ ಗಿಟಾರು ಮಾಡೋದು ಒಂದೇ ಕೆಲಸ: ಅಡ್ಡಿ ತೆಗೆಯೋದು. ಬೆರಳಿಗೂ ಸ್ವರಕ್ಕೂ ಮಧ್ಯೆ ಏನೇನು ತಡೆ ಇತ್ತೋ ಅದನ್ನೆಲ್ಲ ಒಬ್ಬ ಕುಶಲ ಕೆಲಸಗಾರ ಕೂತು ಉಜ್ಜಿ ತೆಗೆದಿದ್ದಾನೆ. ಅಲ್ಲಿಗೆ ಅದರ ಕೆಲಸ ಮುಗೀತು. ವೇಗ ಅದರ ಜವಾಬ್ದಾರಿ ಅಲ್ಲ.

ಇಲ್ಲಿ ಸ್ವಲ್ಪ ನಮ್ಮ ಕಡೆಗೆ ಬರೋಣ. ಶಿವಮೊಗ್ಗದಲ್ಲಿ ನಮ್ಮನೇಲಿ ಅಕ್ಕ ವೀಣೆ ಕಲೀತಿದ್ದಳು. ವೀಣೆಗೆ ಎಷ್ಟು ಮೆಟ್ಟಿಲು ಗೊತ್ತಾ? 24. ನನ್ನ ಗಿಟಾರಿಗೆ ಎಷ್ಟು ಫ್ರೆಟ್? 24. ಮಾಮೂಲಿ ಗಿಟಾರುಗಳಲ್ಲಿ 21 ಅಥವಾ 22 ಇರುತ್ತೆ. ಶ್ರೆಡ್ ಮಾಡೋರು ಕೇಳಿ ಹಾಕಿಸಿಕೊಂಡದ್ದು 24. ಒಂದು ತಂತಿಯ ಮೇಲೆ ಪೂರ್ತಿ ಎರಡು ಸ್ಥಾಯಿ ಬೇಕು ಅಂದ್ರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತೆ. ವೀಣೆಯವರು ಈ ಲೆಕ್ಕವನ್ನ ಬಹಳ ಹಿಂದೆಯೇ ಮುಗಿಸಿದ್ದರು.

ಇನ್ನೊಂದು ಸಂಬಂಧ ಇದಕ್ಕಿಂತ ಗಟ್ಟಿ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರ್ತವೆ. ಬೆರಳು ತಂತಿಯನ್ನ ಮಾತ್ರ ಮುಟ್ಟುತ್ತೆ, ಮರಕ್ಕೆ ತಾಗಲ್ಲ. ಗಮಕ ಅಷ್ಟು ಸಲೀಸಾಗಿ ಬರೋದು ಅದರಿಂದ. ಇಂಗ್ಲೆಂಡಿನ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಅಮೆರಿಕದಲ್ಲಿ ಎಸ್. ರಾಮನಾಥನ್ ಅವರ ಹತ್ರ ವೀಣೆ ಕಲಿತರು. ಆಮೇಲೆ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ತಂಡ ಕಟ್ಟಿದಾಗ, ಗಿಟಾರಿನ ಫ್ರೆಟ್‌ಗಳ ನಡುವಿನ ಮರವನ್ನ ದೋಣಿಯ ಹಾಗೆ ಕೆತ್ತಿಸಿಕೊಂಡರು. ಶ್ರೆಡ್ಡಿಂಗ್‌ನ ದೊಡ್ಡ ಹೆಸರು ಸ್ವೀಡನ್ನಿನ ಇಂಗ್ವೇ ಮಾಲ್ಮ್‌ಸ್ಟೀನ್ ಅವರ ಗಿಟಾರೂ ಹಾಗೇ ಕೆತ್ತಿದ್ದು. ಸ್ಟೀವ್ ವಾಯ್ ಅವರ ಜೆಮ್‌ನಲ್ಲೂ ಕೊನೆಯ ನಾಲ್ಕು ಫ್ರೆಟ್‌ಗಳ ನಡುವೆ ಕೆತ್ತನೆ ಇದೆ. ಮಾಲ್ಮ್‌ಸ್ಟೀನ್ ಪದೇಪದೇ ಹಿಡಿಯೋ ಹಾರ್ಮೋನಿಕ್ ಮೈನರ್ ಅನ್ನೋ ಸ್ವರಶ್ರೇಣಿ ಇದೆಯಲ್ಲ, ಆ ಸ್ವರಗಳನ್ನ ನಮ್ಮವರು ಕೀರವಾಣಿ ಅಂತ ಕರೀತಾರೆ.

ಆದರೆ ಅಕ್ಕನ ಪಾಠದಿಂದ ನನಗೆ ಸಿಕ್ಕಿದ ದೊಡ್ಡ ಆಸ್ತಿ ಬೇರೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಪುರಂದರದಾಸರು ಹಾಕಿಕೊಟ್ಟರು ಅಂತ ಹೇಳೋ ಪಾಠಕ್ರಮ. ಮಾಯಾಮಾಳವಗೌಳದಲ್ಲಿ ಒಂದೇ ಸಾಲನ್ನ ಮೂರು ಕಾಲದಲ್ಲಿ ನುಡಿಸಬೇಕು: ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು. ತಾಳ ಮಾತ್ರ ಅಲ್ಲಾಡಬಾರದು. ಆ ಮೇಷ್ಟ್ರು ಹೇಳ್ತಿದ್ದ ಒಂದು ಮಾತು ನನ್ನ ಕಿವಿಯಲ್ಲಿ ಹಾಗೇ ಕೂತಿದೆ: "ಒಂದನೇ ಕಾಲದಲ್ಲಿ ಬರದೇ ಇದ್ದದ್ದು ಮೂರನೇ ಕಾಲದಲ್ಲಿ ಬರಲ್ಲಮ್ಮಾ, ಮುಚ್ಚಿಹೋಗುತ್ತೆ ಅಷ್ಟೆ."

ಶ್ರೆಡ್ಡಿಂಗ್ ಕಲಿಸೋ ವಿಡಿಯೋ ಎಷ್ಟೇ ನೋಡಿ, ಕೊನೆಗೆ ಹೇಳೋದು ಇದನ್ನೇ. ಮೆಟ್ರೊನೋಮ್ ಹಾಕಿ, ನಿಧಾನಕ್ಕೆ ಶುರು ಮಾಡಿ, ತಪ್ಪಿಲ್ಲದೆ ಬಂದರೆ ಮಾತ್ರ ಎರಡು ಅಂಕ ಏರಿಸಿ. ನಾನು ಅಲಂಕಾರಗಳನ್ನೇ ಗಿಟಾರಿಗೆ ಹಾಕ್ಕೊಂಡು ಅಭ್ಯಾಸ ಮಾಡ್ತೀನಿ. ಕೇಳಿ, ಇದು ಮೆಟ್ರೊನೋಮ್ 60ರಲ್ಲಿ, ಒಂದು ಬಡಿತಕ್ಕೆ ನಾಲ್ಕು ಸ್ವರ.

[ಗಿಟಾರ್ ವಾದನ: ಅಲಂಕಾರ, ನಿಧಾನಗತಿ]

ಈಗ ಅದೇ ಸಾಲು, 140ರಲ್ಲಿ. ಅಂದ್ರೆ ಸೆಕೆಂಡಿಗೆ ಒಂಬತ್ತಕ್ಕಿಂತ ಸ್ವಲ್ಪ ಜಾಸ್ತಿ.

[ಗಿಟಾರ್ ವಾದನ: ಅದೇ ಅಲಂಕಾರ, ವೇಗವಾಗಿ]

150ಕ್ಕೆ ಹೋದರೆ ನನ್ನದು ಬಿರುಕು ಬಿಡುತ್ತೆ. ದೊಡ್ಡವರ ವೇಗಕ್ಕೆ ಇದು ಹತ್ತಿರವೂ ಇಲ್ಲ, ಅದು ಬೇರೆ ಮಾತು. ಆದರೆ ಈ ಅಂಕಿಗಳಿಂದಾನೇ ನಿಮ್ಮ ಪ್ರಶ್ನೆಗೆ ಉತ್ತರ ಸಿಗೋದು. ಸ್ವಲ್ಪ ಗಮನ ಕೊಟ್ಟು ಕೇಳಿ.

ನನ್ನ ಹತ್ರ ಎರಡು ಗಿಟಾರಿದೆ. ಕಾಲೇಜಲ್ಲಿದ್ದಾಗ ತಗೊಂಡ 14 ಸಾವಿರದ್ದು ಒಂದು, ಈ ಐಬನೇಜ್ ಒಂದು. ಮೂರು ವರ್ಷದ ಹಿಂದೆ ಇದನ್ನ ಮನೆಗೆ ತಂದ ವಾರ, ಒಂದೇ ಪಾಠವನ್ನ ಎರಡರಲ್ಲೂ ನುಡಿಸಿ ನೋಡಿದೆ. ತಪ್ಪಿಲ್ಲದೆ ಎಷ್ಟು ವೇಗಕ್ಕೆ ಹೋಗ್ತೀನಿ ಅಂತ. ಹಳೇದರಲ್ಲಿ 96. ಹೊಸದರಲ್ಲಿ 100. ಈಗ ಈ ಸಂಚಿಕೆಗಾಗಿ ಮತ್ತೆ ಅಳೆದೆ. ಹೊಸದರಲ್ಲಿ 140. ಹಳೇ 14 ಸಾವಿರದ ಗಿಟಾರಲ್ಲಿ 133.

ಲೆಕ್ಕ ಮಾಡಿ. ದುಡ್ಡು ಕೊಟ್ಟು ಗಿಟಾರ್ ಬದಲಾಯಿಸಿದ್ದಕ್ಕೆ ಮೊದಲ ವಾರ ಸಿಕ್ಕಿದ್ದು 4 ಅಂಕ. ಮೂರು ವರ್ಷ ಕೂತು ನುಡಿಸಿದ್ದಕ್ಕೆ, ಅದೇ ಹಳೇ ಗಿಟಾರಲ್ಲೂ, ಸಿಕ್ಕಿದ್ದು 37 ಅಂಕ. ಇನ್ನೊಂದು ಸೂಕ್ಷ್ಮ ಇದೆ. ಆಗ ಎರಡು ಗಿಟಾರಿನ ನಡುವೆ ಅಂತರ 4 ಇತ್ತು, ಈಗ 7. ಕೈ ಪಳಗಿದಷ್ಟೂ ಒಳ್ಳೇ ಗಿಟಾರಿನ ಬೆಲೆ ಕೈಗೆ ಗೊತ್ತಾಗ್ತಾ ಹೋಗುತ್ತೆ. ಕೈ ಪಳಗದಿದ್ದರೆ ಅದು ಗೋಡೆಗೆ ನೇತು ಹಾಕಿದ ಚೆಂದದ ಮರ.

ಇನ್ನು ಇದರ ಚಾಕರಿ. ಈ ವಿಷಯ ಯೂಟ್ಯೂಬ್ ರಿವ್ಯೂಗಳಲ್ಲಿ ಕಮ್ಮಿ ಹೇಳ್ತಾರೆ. ಈ ಬ್ರಿಡ್ಜ್ ಬಾಡಿಗೆ ಅಂಟಿಕೊಂಡಿಲ್ಲ, ತೇಲ್ತಾ ಇರುತ್ತೆ. ಮುಂದಿನಿಂದ ತಂತಿಗಳು ಎಳೀತವೆ, ಹಿಂದಿನಿಂದ ಸ್ಪ್ರಿಂಗ್‌ಗಳು ಎಳೀತವೆ. ತಕ್ಕಡಿಯ ಹಾಗೆ ಎರಡೂ ಸಮ ಇದ್ದರೆ ಮಾತ್ರ ಶ್ರುತಿ. ಒಂದು ತಂತಿ ಕಿತ್ತುಹೋದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ, ಅಲ್ಲಿಗೆ ಆ ಹಾಡು ಮುಗೀತು. ತಂತಿ ಬದಲಾಯಿಸೋಕೆ ಅಲೆನ್ ಕೀ ಬೇಕು, ಕಟರ್ ಬೇಕು, ಬ್ರಿಡ್ಜ್ ಕುಸೀದೆ ಇರಲಿ ಅಂತ ಕೆಳಗೆ ಮಡಚಿದ ಬಟ್ಟೆ ಇಡಬೇಕು. ಮೊದಮೊದಲು ನನಗೆ ಒಂದೂವರೆ ಗಂಟೆ ಹಿಡೀತಿತ್ತು, ಈಗ ನಲವತ್ತು ನಿಮಿಷ.

ಗೆಳೆಯರ ಜೊತೆ ಕಾಲೇಜ್ ಫೆಸ್ಟಿಗೋ ಚಿಕ್ಕ ಕಾರ್ಯಕ್ರಮಕ್ಕೋ ಹೋದಾಗ, ಹಾಡೋರು ಕೊನೇ ಗಳಿಗೆಯಲ್ಲಿ "ಮಗಾ, ಗಂಟಲು ಸರಿ ಇಲ್ಲ, ಅರ್ಧ ಶ್ರುತಿ ಇಳಿಸು" ಅಂತಾರೆ. ಮಾಮೂಲಿ ಗಿಟಾರಾದರೆ ಒಂದು ನಿಮಿಷದ ಕೆಲಸ. ಇದರಲ್ಲಿ ತಕ್ಕಡಿಯೇ ಬದಲಾಗುತ್ತೆ, ಸ್ಪ್ರಿಂಗ್ ಸಡಿಲ ಮಾಡಬೇಕು, ಮತ್ತೆ ಶ್ರುತಿ, ಮತ್ತೆ ಸ್ಪ್ರಿಂಗ್. ಅದಕ್ಕೇ ಅಂಥ ಕಡೆ ನಾನು 14 ಸಾವಿರದ ಗಿಟಾರನ್ನೇ ಹಿಡ್ಕೊಂಡು ಹೋಗೋದು. ಊರಿಗೆ ಮಳೆಗಾಲದಲ್ಲಿ ತಗೊಂಡು ಹೋದರೆ ಇನ್ನೊಂದು ಕಥೆ. ಮಲೆನಾಡಿನ ತೇವಕ್ಕೆ ತಂತಿ ಬೇಗ ತುಕ್ಕು ಹಿಡಿಯುತ್ತೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕದೆ ಮಲಗೋ ಹಾಗಿಲ್ಲ.

ಮತ್ತೆ, ಈ ಗಿಟಾರು ಏನನ್ನೂ ಮುಚ್ಚಿಡಲ್ಲ. ತಂತಿ ಅಷ್ಟು ಹತ್ರ, ಪಿಕಪ್ ಅಷ್ಟು ಚುರುಕು. ಬೇಡದ ತಂತಿಯನ್ನ ಅಂಗೈಯಿಂದ ಅದುಮಿಡದೆ ಇದ್ದರೆ ಗುಂಯ್ ಅಂತ ಎಲ್ಲವೂ ಕೂಗ್ತವೆ. ಹಳೇ ಗಿಟಾರಲ್ಲಿ "ಅದು ಗಿಟಾರಿನ ದೋಷ" ಅಂತ ಹೇಳ್ಕೋಬಹುದಿತ್ತು. ಇಲ್ಲಿ ಆ ನೆಪ ಇಲ್ಲ. ಲಕ್ಷ ರೂಪಾಯಿ ಕೊಟ್ಟು ನಾನು ಕಳ್ಕೊಂಡಿದ್ದು ನೆಪಗಳನ್ನ. ಕೆಲವು ದಿನ ಅದು ಬಹಳ ದುಬಾರಿ ಅನಿಸುತ್ತೆ.

ಈಗ ದುಡ್ಡಿನ ಲೆಕ್ಕ. ಇದನ್ನ ನಾನು ಅಂಗಡಿಯಲ್ಲಿ ತಗೊಳ್ಳಲಿಲ್ಲ, ಸೆಕೆಂಡ್ ಹ್ಯಾಂಡ್. ವಿದೇಶಕ್ಕೆ ಹೊರಟಿದ್ದ ಒಬ್ಬರು ಮಾರಿದ್ದು, 1,05,000 ರೂಪಾಯಿಗೆ. ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವಾಗ ಉಳಿಸಿಟ್ಟ ದುಡ್ಡು. ಅಪ್ಪನಿಗೆ ಫೋನಲ್ಲಿ ಹೇಳಿದಾಗ ಅವರು ಬೈಯ್ಯಲಿಲ್ಲ. ಕೇಳಿದ್ದು ಒಂದೇ: "ಅಲ್ಲ ಮಾರಾಯ, ಇದ್ರಿಂದ ಏನ್ ಬರುತ್ತೆ?"

ಅಪ್ಪನ ಪ್ರಶ್ನೆ ಸರಿಯಾಗೇ ಇತ್ತು. ನಮ್ಮಂಥ ಮನೆಗಳಲ್ಲಿ ಲಕ್ಷ ರೂಪಾಯಿ ಅಂದ್ರೆ ಅದು ಏನಾದರೂ ತರಬೇಕು. ಬಡ್ಡಿ ತರಬೇಕು, ಬಾಡಿಗೆ ತರಬೇಕು, ಕನಿಷ್ಠ ಆಫೀಸಿಗಾದರೂ ಕರ್ಕೊಂಡು ಹೋಗಬೇಕು. ಹಾಗಾಗಿ ನಾನು ನೋಟ್‌ಬುಕ್ಕಲ್ಲಿ ಎರಡು ಪಟ್ಟಿ ಶುರು ಮಾಡಿದೆ. ಒಂದರಲ್ಲಿ ಖರ್ಚು, ಒಂದರಲ್ಲಿ ನುಡಿಸಿದ ಗಂಟೆ.

ಇವತ್ತು ಮಾರಿದರೆ 90 ಸಾವಿರ ಬರುತ್ತೆ. ಅಂದ್ರೆ ಸವಕಳಿ 15 ಸಾವಿರ. ತಂತಿ ವರ್ಷಕ್ಕೆ ಆರು ಸೆಟ್, ಸೆಟ್ಟಿಗೆ 600, ಮೂರು ವರ್ಷಕ್ಕೆ 10,800. ವರ್ಷಕ್ಕೊಂದು ಸಲ ರಿಪೇರಿ ಮಾಡೋರ ಹತ್ರ ಸೆಟಪ್, 2 ಸಾವಿರದ ಲೆಕ್ಕದಲ್ಲಿ 6 ಸಾವಿರ. ಒಟ್ಟು 31,800. ಕಾಮರ್ಸ್ ಓದಿದವರು ಇಲ್ಲಿಗೇ ನಿಲ್ಲಬಾರದು. ಅದೇ ದುಡ್ಡು ಎಫ್‌ಡಿಯಲ್ಲಿದ್ದಿದ್ದರೆ? ಏಳು ಪರ್ಸೆಂಟ್ ಹಿಡಿದರೆ ಮೂರು ವರ್ಷಕ್ಕೆ ಸರಳ ಬಡ್ಡಿ 22,050. ಅದನ್ನೂ ಸೇರಿಸಿದರೆ 53,850.

ಇನ್ನು ಗಂಟೆಯ ಪಟ್ಟಿ. ದಿನಕ್ಕೆ ಮುಕ್ಕಾಲು ಗಂಟೆ ಆಸುಪಾಸು, ಹುಷಾರಿಲ್ಲದ ದಿನ, ಊರಿಗೆ ಹೋದ ದಿನ ಎಲ್ಲಾ ಕಳೆದು, ಮೂರು ವರ್ಷಕ್ಕೆ 800 ಗಂಟೆ. ಭಾಗಿಸಿ. ಗಂಟೆಗೆ 67 ರೂಪಾಯಿ. ಬೆಂಗಳೂರಲ್ಲಿ ಇನ್ಯಾವ ಹವ್ಯಾಸ ಗಂಟೆಗೆ 67 ರೂಪಾಯಿಗೆ ಸಿಗುತ್ತೆ, ಹೇಳಿ?

ಈಗ ಅದನ್ನೇ ತಿರುಗಿಸಿ. ಮೂರು ವರ್ಷದಲ್ಲಿ ಬರೀ 20 ಗಂಟೆ ನುಡಿಸಿದ್ದರೆ? ತಂತಿ, ಸೆಟಪ್ ಖರ್ಚೇ ಬೇಡ ಅಂತ ಬಿಟ್ಟರೂ, ಸವಕಳಿ ಮತ್ತು ಬಡ್ಡಿ ಸೇರಿ ಗಂಟೆಗೆ 1,850 ರೂಪಾಯಿ ದಾಟುತ್ತೆ. ಗಿಟಾರು ಅದೇ, ಬೆಲೆಯೂ ಅದೇ. ಅಗ್ಗವೋ ದುಬಾರಿಯೋ ಅಂತ ತೀರ್ಮಾನ ಮಾಡಿದ್ದು ಅಂಗಡಿಯವನಲ್ಲ, ಗಂಟೆಯ ಪಟ್ಟಿ.

ಕಳೆದ ವರ್ಷ ಈ ಲೆಕ್ಕಕ್ಕೆ ಒಂದು ಪರೀಕ್ಷೆಯೂ ಬಂತು. ಪಾಡ್‌ಕ್ಯಾಸ್ಟಿಗೆ ಬರ್ತಿದ್ದ ಜಾಹೀರಾತು ನಾಲ್ಕು ತಿಂಗಳು ನಿಂತುಹೋಯ್ತು. ಬಾಡಿಗೆ ನಿಲ್ಲಲಿಲ್ಲ. ಎರಡನೇ ತಿಂಗಳಲ್ಲಿ ಕೂತು ರೂಮಿನಲ್ಲಿ ಮಾರಬಹುದಾದ ವಸ್ತುಗಳ ಪಟ್ಟಿ ಮಾಡಿದೆ. ಮೈಕ್ ಮಾರೋ ಹಾಗಿಲ್ಲ, ಲ್ಯಾಪ್‌ಟಾಪ್ ಮಾರೋ ಹಾಗಿಲ್ಲ, ಅದು ಅನ್ನದ ದಾರಿ. ಪಟ್ಟಿಯ ತಲೆಯಲ್ಲಿ ನಿಂತದ್ದು ಈ ಗಿಟಾರು. ಕೇಳಿದವರಿದ್ದರು, 88 ಸಾವಿರಕ್ಕೆ ಬೆಲೆಯೂ ಆಗಿತ್ತು. ಐದು ತಿಂಗಳ ಬಾಡಿಗೆ, ಊಟ ಎರಡಕ್ಕೂ ಸಾಲ್ತಿತ್ತು.

ಆ ರಾತ್ರಿ ನಾನೊಂದು ಗೆರೆ ಹಾಕ್ಕೊಂಡೆ. ಬ್ಯಾಂಕಿನಲ್ಲಿ ಎರಡು ತಿಂಗಳ ಬಾಡಿಗೆಗಿಂತ ಕಮ್ಮಿ ಉಳಿದ ದಿನ ಗಿಟಾರು ಹೋಗುತ್ತೆ, ಅದರ ಬಗ್ಗೆ ಚರ್ಚೆ ಇಲ್ಲ. ಅಲ್ಲಿಯವರೆಗೆ ಬೇರೆ ದಾರಿ ನೋಡೋದು. ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯೋ ಕೆಲಸ ಹಿಡಿದೆ, ಅದು ಈಗಲೂ ಇದೆ. ಗೆರೆಯ ಹತ್ರ ಹತ್ರ ಹೋಗಿದ್ದೆ, ದಾಟಲಿಲ್ಲ. ದಾಟಿದ್ದರೆ ಮಾರ್ತಿದ್ದೆ, ಮತ್ತೆ ಹಳೇ ಗಿಟಾರಲ್ಲೇ 133ರಿಂದ ಮುಂದೆ ಹೋಗ್ತಿದ್ದೆ. ಇದನ್ನ ಧೈರ್ಯವಾಗಿ ಹೇಳ್ತೀನಿ. ಯಾಕಂದ್ರೆ ಆ ನಾಲ್ಕು ತಿಂಗಳಲ್ಲಿ ನನ್ನನ್ನ ಸರಿಯಾಗಿ ಇಟ್ಟದ್ದು ಗಿಟಾರಿನ ಮಾದರಿ ಅಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಫೋನ್ ಪಕ್ಕಕ್ಕಿಟ್ಟು, ಒಂದು ಸಾಲನ್ನ ನಿನ್ನೆಗಿಂತ ಎರಡು ಅಂಕ ಮೇಲೆ ತಗೊಂಡು ಹೋಗೋ ಕೆಲಸ. ಜಾಹೀರಾತು ನಿಂತಾಗಲೂ ಏರ್ತಾ ಇದ್ದ ಒಂದೇ ಒಂದು ಸಂಖ್ಯೆ ಅದು. "ಏನ್ ಬರುತ್ತೆ" ಅನ್ನೋದಕ್ಕೆ ನನ್ನ ಹತ್ರ ಇರೋ ಉತ್ತರ ಅಷ್ಟೇ. ಬ್ಯಾಲೆನ್ಸ್ ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಹಾಗಾದರೆ ನೀವೇನು ಮಾಡಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೇಕಾದ್ದು ತಗೊಳ್ಳಿ.

ಗಿಟಾರ್ ಇನ್ನೂ ಮುಟ್ಟಿಲ್ಲ ಅಂದ್ರೆ ಹತ್ತು ಹದಿನೈದು ಸಾವಿರದ್ದು ತಗೊಳ್ಳಿ, ತೇಲೋ ಬ್ರಿಡ್ಜ್ ಬೇಡ, ಅಲುಗದ ಬ್ರಿಡ್ಜಿಂದು ಸಾಕು. ತಂದ ದಿನವೇ ರಿಪೇರಿಯವರ ಹತ್ರ ಒಂದು ಒಳ್ಳೇ ಸೆಟಪ್ ಮಾಡಿಸಿ. ತಂತಿ ಎತ್ತರ ಸರಿ ಮಾಡಿಸಿದ ಅಗ್ಗದ ಗಿಟಾರು, ಹಾಗೇ ಬಿಟ್ಟ ದುಬಾರಿ ಗಿಟಾರಿಗಿಂತ ಎಷ್ಟೋ ಮೇಲು. ರೂಮಿನಲ್ಲಿ ಇರೋರಿಗೆ ಹೆಡ್‌ಫೋನ್ ಹಾಕೋ ಚಿಕ್ಕ ಆಂಪ್ ಸಾಕು, ಮಾಲೀಕರೂ ನೆಮ್ಮದಿ, ನೀವೂ ನೆಮ್ಮದಿ. ಅದರಲ್ಲಿ 200 ಗಂಟೆ ನುಡಿಸಿ. ಬರೆದಿಡಿ. 200 ದಾಟಿದ ಮೇಲೂ ಕೈ ಹಂಬಲಿಸಿದರೆ ಆಗ ದೊಡ್ಡ ಗಿಟಾರಿನ ಮಾತು.

ಆಗಲೂ ಸೆಕೆಂಡ್ ಹ್ಯಾಂಡ್ ನೋಡಿ. ಮೊದಲ ಸವಕಳಿಯನ್ನ ಮೊದಲ ಮಾಲೀಕ ನುಂಗಿರ್ತಾನೆ. ನೋಡೋಕೆ ಹೋದಾಗ ನಾಲ್ಕು ಪರೀಕ್ಷೆ ಮಾಡಿ. ನೆಕ್ಕನ್ನ ಬಂದೂಕು ಗುರಿ ಇಟ್ಟ ಹಾಗೆ ಒಂದು ಕಣ್ಣಲ್ಲಿ ನೋಡಿ, ತಿರುಚಿರಬಾರದು. ಫ್ರೆಟ್‌ಗಳಲ್ಲಿ ತಂತಿ ಕೊರೆದ ಹಳ್ಳ ಇದೆಯಾ ನೋಡಿ. ಬ್ರಿಡ್ಜಿನ ಕಡ್ಡಿ ಪೂರ್ತಿ ಒತ್ತಿ ಬಿಡಿ, ಶ್ರುತಿ ವಾಪಸ್ ಅದೇ ಜಾಗಕ್ಕೆ ಬರಬೇಕು. ಬರದಿದ್ದರೆ ಬ್ರಿಡ್ಜ್ ಕೂರೋ ಅಂಚು ಸವೆದಿರಬಹುದು. ಕೊನೇದು, 24 ಫ್ರೆಟ್, ಆರು ತಂತಿ, ಒಂದೊಂದೂ ಒತ್ತಿ ಮೀಟಿ. 144 ಸ್ವರ. ಮಾರೋರಿಗೆ ಬೇಜಾರಾದರೂ ಪರವಾಗಿಲ್ಲ, ಅಣ್ಣಾ ಸ್ವಲ್ಪ ತಡೀರಿ ಅನ್ನಿ.

ಇಎಂಐ? ಬೇಡ. ಕಾರಣ ನೀತಿ ಅಲ್ಲ, ಲೆಕ್ಕ. ಕಷ್ಟ ಬಂದಾಗ ನನ್ನ ಗಿಟಾರು ನನ್ನ ಪರ ನಿಂತಿತ್ತು, ಮಾರಿದರೆ 88 ಸಾವಿರ ನನ್ನ ಕೈಗೆ. ಸಾಲದ ಗಿಟಾರು ಅದೇ ತಿಂಗಳು ನಿಮ್ಮ ಎದುರು ನಿಲ್ಲುತ್ತೆ. ಕಂತಿನ ತಾರೀಕು ನೆನೆಸ್ಕೊಂಡು ಅಭ್ಯಾಸಕ್ಕೆ ಕೂರೋಕಾಗಲ್ಲ.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿ ಹೋದರು. ಆಮೇಲೆ ಈ ಊರಲ್ಲಿ, ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ ಎಷ್ಟು ಗಿಟಾರುಗಳು ಕೊಂಡವರ ಮಂಚದ ಕೆಳಗೆ ಸೇರಿದವೋ ಲೆಕ್ಕ ಇಟ್ಟವರಿಲ್ಲ. ನಿಮ್ಮನೆಯ ಮಂಚದ ಕೆಳಗೂ ಒಂದಿದ್ದರೆ, ಇವತ್ತು ರಾತ್ರಿ ಅದನ್ನ ಹೊರಗೆ ತೆಗೀರಿ. ತುಕ್ಕು ಹಿಡಿದ ತಂತಿ ಬಿಚ್ಚಿ 600 ರೂಪಾಯಿ ತಂತಿ ಹಾಕಿ. ಮೆಟ್ರೊನೋಮ್ ಆ್ಯಪ್ ಪುಕ್ಕಟೆ ಸಿಗುತ್ತೆ, 60ಕ್ಕೆ ಇಡಿ. ಒಂದನೇ ಕಾಲದಿಂದ ಶುರು ಮಾಡಿ. ಎಷ್ಟು ಗಂಟೆ ಆಯ್ತು ಅಂತ ನನಗೆ ಬರೆದು ಕಳಿಸಿ, ಗಿಟಾರು ಯಾವ ಕಂಪನಿಯದು ಅಂತ ಬರೀಬೇಡಿ.

ಮತ್ತೆ ಸಿಗೋಣ. ನಮಸ್ಕಾರ.